ಕಲ್ಲು ಹೊತ್ತ ತೊಲೆ

“ಬುದ್ಧಿ, ಒಬ್ಬ ಮನುಷ್ಯ ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ ಅವನ ಮೇಲೆ ಎಷ್ಟು ಭಾರ ಹೊರಿಸಿ ನೋಡಬೇಕು?” ಎಂದು ಗುರುಮಲ್ಲ ಕೇಳಿದ.

ಗುರುಮಲ್ಲ ಮಠದ ಹಿರಿಯ ಶಿಷ್ಯ. ಮಠಕ್ಕೆ ಸೇರಲು ಬಂದವರಲ್ಲಿ ಯಾರು ನಿಲ್ಲುತ್ತಾರೆ, ಯಾರು ನಿಲ್ಲುವುದಿಲ್ಲ ಎಂದು ನೋಡಿ ಹೇಳುವ ಕೆಲಸ ಅವನದು. ನಾಲ್ಕು ತಿಂಗಳ ಹಿಂದೆ ಮುದ್ದಯ್ಯ ಎಂಬ ಗಾಡಿ ಹೊಡೆಯುವವನೊಬ್ಬ ಬಂದಿದ್ದ. ಎತ್ತು ಗಾಡಿ ತಮ್ಮನಿಗೆ ಕೊಟ್ಟು, ಇನ್ನು ಇಲ್ಲೇ ಇರುತ್ತೇನೆ ಎಂದು ಬಂದವನು. ಏಕೆಂದು ಗುರುಮಲ್ಲ ಕೇಳಿರಲಿಲ್ಲ. ಗುರುಮಲ್ಲ ಅವನಿಗೆ ಎಲ್ಲರಿಗಿಂತ ಮೊದಲು ಎದ್ದು ನೀರು ಸೇದುವ ಕೆಲಸ ಕೊಟ್ಟ. ಮುದ್ದಯ್ಯ ಸೇದಿದ. ಎಲ್ಲರ ಎಂಜಲೆಲೆ ಎತ್ತುವ ಕೆಲಸ ಕೊಟ್ಟ. ಎತ್ತಿದ. ಮಾಡದ ತಪ್ಪನ್ನು ತಲೆಗೆ ಕಟ್ಟಿ ಹತ್ತು ಜನರೆದುರು ಬೈದ. ಮುದ್ದಯ್ಯ ತಲೆ ತಗ್ಗಿಸಿ ಕೇಳಿಸಿಕೊಂಡ. ಈಗ ಗುರುಮಲ್ಲನ ಮನಸ್ಸಿನಲ್ಲಿ ಇನ್ನೊಂದು ಪರೀಕ್ಷೆ ಇತ್ತು. ನಿನಗಿಲ್ಲಿ ಜಾಗವಿಲ್ಲ ಎಂದು ಅವನನ್ನು ಹೊರಗೆ ಹಾಕುವುದು, ಬಾಗಿಲ ಬಳಿ ಎಷ್ಟು ದಿನ ಕೂರುತ್ತಾನೆ ನೋಡುವುದು.

“ಚಿನ್ನವನ್ನಾದರೂ ಒರೆಗೆ ಹಚ್ಚಿಯೇ ಕೊಳ್ಳುತ್ತಾರಲ್ಲವೇ ಬುದ್ಧಿ?” ಎಂದು ಅವನೇ ಮಾತು ಸೇರಿಸಿದ.

ಗುರುಗಳು ನಕ್ಕರು. “ಚಿನ್ನದ ವಿಚಾರ ಅಕ್ಕಸಾಲಿಗನನ್ನು ಕೇಳು. ನನಗೆ ತಿಳಿದದ್ದು ಮರದ ವಿಚಾರ. ಕೂತುಕೋ,” ಎಂದು ಈ ಕತೆ ಹೇಳಿದರು.

ಹೊಳೆಯ ದಂಡೆಯ ಮೇಲೆ ಒಂದು ಊರಿತ್ತು. ಮೇಲಿನ ಕಾಡಿನಲ್ಲಿ ಕಡಿದ ದಿಮ್ಮಿಗಳು ಹೊಳೆಯಲ್ಲಿ ತೇಲಿಕೊಂಡು ಆ ಊರಿಗೆ ಬರುತ್ತಿದ್ದವು. ಅಲ್ಲಿ ಒಬ್ಬ ವ್ಯಾಪಾರಿಯ ಮರದ ಅಡ್ಡೆ. ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡ ಹಾಕಿ, ಮೇಲೊಬ್ಬ ಕೆಳಗೊಬ್ಬ ನಿಂತು ಗರಗಸ ಎಳೆದು ತೊಲೆ ಕೊಯ್ಯುತ್ತಿದ್ದರು. ಕೊಯ್ದ ತೊಲೆ ಎಷ್ಟು ಭಾರ ಹೊರುತ್ತದೆ, ಯಾವ ಕೆಲಸಕ್ಕೆ ಆಗುತ್ತದೆ ಎಂದು ಹೇಳಲು ಒಬ್ಬನಿದ್ದ. ಊರು ಅವನನ್ನು ಮರ ನೋಡುವವನು ಎಂದೇ ಕರೆಯುತ್ತಿತ್ತು.

ಅವನು ನೋಡುವ ಕ್ರಮ ಹೀಗೆ. ಮೊದಲು ತೊಲೆಯ ಸುತ್ತ ಒಂದು ಸಲ ನಡೆಯುತ್ತಿದ್ದ. ಮರದ ಎಳೆ ನೇರವಾಗಿ ಓಡಿದೆಯೋ, ಓರೆಯಾಗಿ ಪಕ್ಕಕ್ಕೆ ಜಾರಿದೆಯೋ ನೋಡುತ್ತಿದ್ದ. ಗಂಟು ಎಲ್ಲಿದೆ ಎಂದು ಹುಡುಕುತ್ತಿದ್ದ. ಗಂಟು ತುದಿಯಲ್ಲಿದ್ದರೆ ಚಿಂತೆಯಿಲ್ಲ. ನಡುಮಧ್ಯದಲ್ಲಿದ್ದರೆ ಆ ಮುಖ ಕೆಳಗೆ ಬರಬಾರದು, ಏಕೆಂದರೆ ಭಾರ ಬಿದ್ದಾಗ ತೊಲೆ ಬಾಯಿ ಬಿಡುವುದು ಕೆಳಗಿನಿಂದ. ಆಮೇಲೆ ಒಂದು ತುದಿ ಎತ್ತಿ ತೂಕ ನೋಡುತ್ತಿದ್ದ. ಕೊನೆಗೆ ಒಂದು ತುದಿಗೆ ಕೊಡತಿಯಲ್ಲಿ ಬಡಿಸಿ, ಇನ್ನೊಂದು ತುದಿಗೆ ಕಿವಿ ಇಡುತ್ತಿದ್ದ. ಗಟ್ಟಿ ಮರದಲ್ಲಿ ಸದ್ದು ಬೇಗ ಬರುತ್ತದೆ, ಬಂದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಒಳಗೆ ಕೊಳೆತಿದ್ದರೆ, ಸೀಳಿದ್ದರೆ, ಸದ್ದು ದಾರಿಯಲ್ಲೇ ಸುಸ್ತಾಗುತ್ತದೆ.

ಕೇಳಿಸಿಕೊಂಡು ತೊಲೆಯ ನಡುವೆ ಕೆಮ್ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದ. ಮೂರು ಗೆರೆ ಎಂದರೆ ಮನೆಯ ನಡುತೊಲೆ. ಎರಡು ಎಂದರೆ ಅಟ್ಟ. ಒಂದು ಎಂದರೆ ಬಾಗಿಲ ಚೌಕಟ್ಟು, ಕೊಟ್ಟಿಗೆ. ಗೆರೆಯೇ ಇಲ್ಲದ್ದು ಸೌದೆ. ಅಂಥದು ವರ್ಷಕ್ಕೆ ನಾಲ್ಕೋ ಐದೋ ಬರುತ್ತಿದ್ದವು. ಗೆರೆ ಇರುವ ಮುಖವನ್ನು ಕೆಳಗೆ ಮಾಡಿಯೇ ತೊಲೆ ಏರಿಸುವುದು ಆ ಊರಿನ ವಾಡಿಕೆ. ಮನೆಯವರು ಮಲಗಿದಲ್ಲಿಂದ ಕಣ್ಣು ತೆರೆದರೆ ಮೂರು ಗೆರೆ ಕಾಣಬೇಕು, ಕಂಡು ಧೈರ್ಯವಾಗಿ ಇನ್ನೊಂದು ಮಗ್ಗುಲಿಗೆ ಹೊರಳಬೇಕು.

ಅವನ ಮಾತೇನು ಬ್ರಹ್ಮ ಬರೆದದ್ದಲ್ಲ, ಅಂದಾಜು. ಅದು ಅವನಿಗೂ ಗೊತ್ತಿತ್ತು. ಎರಡೋ ಮೂರೋ ಎಂದು ಅನುಮಾನ ಬಂದರೆ ಎರಡೇ ಹಾಕುತ್ತಿದ್ದ. ಹಾಗಾಗಿ ಮೂವತ್ತು ವರ್ಷದಲ್ಲಿ ಅವನು ಗೆರೆ ಎಳೆದ ತೊಲೆ ಒಂದೂ ಬೀಳಲಿಲ್ಲ. ಗೆರೆ ಎಳೆಯಲು ಅವನು ಒಂದು ತೊಲೆಯನ್ನೂ ಮುರಿಯಲಿಲ್ಲ.

ವಯಸ್ಸು ಐವತ್ತೆಂಟಾಗುವ ಹೊತ್ತಿಗೆ ಅವನ ಕಿವಿ ಹೋಯಿತು. ಒಂದೇ ದಿನ ಹೋಗಲಿಲ್ಲ. ಮೊದಲು ಹಕ್ಕಿಗಳು ಹೋದವು, ಆಮೇಲೆ ಹೊಳೆ ಹೋಯಿತು. ಒಂದು ಬೆಳಗ್ಗೆ ತೊಲೆಗೆ ಕಿವಿ ಇಟ್ಟಾಗ ಗಟ್ಟಿ ಮರವೂ ಟೊಳ್ಳು ಮರವೂ ಒಂದೇ ಥರ ಕೇಳಿಸಿದವು. ಎರಡೂ ಕೇಳಿಸಲಿಲ್ಲ ಎನ್ನುವುದೇ ಸರಿ.

ಅವನು ಯಾರಿಗೂ ಹೇಳಲಿಲ್ಲ. ಊರಿನ ಇನ್ನೂರು ಮನೆ ತನ್ನ ಕಿವಿಯ ಮೇಲೆ ನಿಂತಿದೆ ಎಂದು ತಿಳಿದವನು, ಆ ಕಿವಿ ಹೋಯಿತು ಎಂದು ಯಾವ ಬಾಯಲ್ಲಿ ಹೇಳಿಯಾನು? ಸ್ವಲ್ಪ ಜಂಬವೂ ಇತ್ತು ಎಂದೇ ಇಟ್ಟುಕೋ. ಆದರೆ ಜಂಬಕ್ಕಿಂತ ಭಯ ದೊಡ್ಡದಾಗಿತ್ತು. ಒಂದು ವರ್ಷ ಬರೀ ಕಣ್ಣಿನಲ್ಲೇ ದಿನ ದೂಡಿದ. ಕಿವಿ ಇಟ್ಟಂತೆ ಮಾಡುತ್ತಿದ್ದ, ತಲೆ ಆಡಿಸುತ್ತಿದ್ದ, ಗೆರೆ ಎಳೆಯುತ್ತಿದ್ದ. ಮನೆಗೆ ಹೋದರೆ ಅನ್ನ ಇಳಿಯುತ್ತಿರಲಿಲ್ಲ.

ಎರಡನೆಯ ವರ್ಷ ಅವನು ಹೊಳೆಯಿಂದ ಕಲ್ಲು ಹೊರಿಸಿ ತಂದ.

ತೊಲೆಯ ಎರಡು ತುದಿಗೆ ದಿಮ್ಮಿ ಕೊಟ್ಟು ಎತ್ತರದಲ್ಲಿಟ್ಟ. ನಡುವೆ ಕಲ್ಲು ಪೇರಿಸಿದ. ಮನೆಯ ಮಾಡು ಎಷ್ಟು ಭಾರವೋ ಅದರ ಒಂದೂವರೆಯಷ್ಟು. ಮುರಿದರೆ ಸೌದೆ. ಮುರಿಯದಿದ್ದರೆ ಕಲ್ಲು ಇಳಿಸಿ, ಎಲ್ಲರಿಗೂ ಕಾಣುವಂತೆ ಅಲ್ಲೇ ಮೇಲೆ ಮೂರು ಗೆರೆ ಎಳೆದ.

ಊರು ಇದನ್ನು ಮೆಚ್ಚಿತು. ಮೊದಲು ಅವನ ಮಾತನ್ನು ನಂಬಬೇಕಿತ್ತು, ಈಗ ಕಣ್ಣಿಗೇ ಕಾಣುತ್ತಿತ್ತು. ಜನ ನಿಂತು ಕಲ್ಲು ಎಣಿಸುತ್ತಿದ್ದರು. ತೊಲೆ ಹಿಡಿದು ನಿಂತರೆ ಶಿಳ್ಳೆ ಹೊಡೆಯುತ್ತಿದ್ದರು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ಅವರಿಗೂ ಗೊತ್ತಿತ್ತು, ಆದರೆ ಶಿಳ್ಳೆ ಹೊಡೆಯುವ ಹೊತ್ತಿನಲ್ಲಿ ಗಾದೆ ಯಾರಿಗೆ ನೆನಪಾಗುತ್ತದೆ? ಅಟ್ಟಕ್ಕೆ ಆಗಬಹುದಾಗಿದ್ದ ಮರ, ಬಾಗಿಲಿಗೆ ಆಗಬಹುದಾಗಿದ್ದ ಮರ, ನಡುತೊಲೆಯ ಭಾರ ಹೊರಲಾರದೆ ಮುರಿದು ಒಲೆಗೆ ಹೋದವು. ಮೊದಲ ದಿನಗಳಲ್ಲಿ ಆ ಮುರಿದ ತುಂಡುಗಳ ಕಡೆ ಅವನು ತಿರುಗಿ ನೋಡುತ್ತಿರಲಿಲ್ಲ. ಆಮೇಲೆ ಅಭ್ಯಾಸವಾಯಿತು. ಅನ್ನ ಇಳಿಯುತ್ತಿತ್ತು, ನಿದ್ದೆ ಬರುತ್ತಿತ್ತು.

ಮೂರನೆಯ ವರ್ಷ ಒಬ್ಬ ನೇಕಾರ ಬಂದ. ಒಂದೇ ಅಂಕಣದ ಮನೆ ಕಟ್ಟುತ್ತಿದ್ದ. ಒಂದೇ ತೊಲೆ ಬೇಕಿತ್ತು. ಹೆಂಡತಿಗೆ ಏಳು ತಿಂಗಳಾಗಿತ್ತು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಆದ ಬಸಿರು. ತಾನು ಆರಿಸಿದ ತೊಲೆಯ ಕಡೆ ತೋರಿಸಿ, “ತೊಟ್ಟಿಲು ಇದಕ್ಕೇ ಕಟ್ಟೋದು ಸ್ವಾಮಿ. ಸರಿಯಾಗಿ ನೋಡಿ ಕೊಡಿ,” ಎಂದು ಕೈ ಮುಗಿದ.

ಮರ ನೋಡುವವನಿಗೆ ಅವನ ಮಾತು ಕೇಳಿಸಲಿಲ್ಲ, ತುಟಿಯ ಮೇಲೆ ತೊಟ್ಟಿಲು ಎಂಬ ಮಾತು ಕಾಣಿಸಿತು. ಬೇರೆಯವರ ತೊಲೆಗೆ ಒಂದೂವರೆಯಷ್ಟು ಕಲ್ಲು ಹೇರುತ್ತಿದ್ದವನು ಇದಕ್ಕೆ ಎರಡೂವರೆಯಷ್ಟು ಹೇರಿದ. ಬೇರೆಯವರ ಕಲ್ಲನ್ನು ಒಂದು ಗಳಿಗೆಗೆ ಇಳಿಸುತ್ತಿದ್ದವನು ಇದನ್ನು ಮರುದಿನ ಬೆಳಗಿನವರೆಗೆ ಹಾಗೇ ಬಿಟ್ಟ. ಎಲ್ಲ ಪ್ರೀತಿಯಿಂದಲೇ ಮಾಡಿದ. ತೊಲೆ ಮುರಿಯಲಿಲ್ಲ. ಕಲ್ಲು ಇಳಿಸಿದ ಮೇಲೆ ಅದು ಪೂರ್ತಿ ನೇರವಾಗಲಿಲ್ಲ, ಬೆರಳಿನಷ್ಟು ಬಾಗಿಯೇ ಉಳಿಯಿತು. ಇಷ್ಟು ಹೊತ್ತ ಮೇಲೆ ಅಷ್ಟು ಬಾಗದೆ ಇರುತ್ತದೆಯೇ ಎಂದುಕೊಂಡು ಅವನು ದಪ್ಪವಾಗಿ ಮೂರು ಗೆರೆ ಎಳೆದ. ಇಂಥ ತೊಲೆ ಈ ಊರಿನಲ್ಲೇ ಇಲ್ಲ ಎಂದ. ನೇಕಾರ ಅದನ್ನು ಹೊರಿಸಿಕೊಂಡು ಹೋಗಿ, ವಾಡಿಕೆಯಂತೆ ಗೆರೆಯ ಮುಖ ಕೆಳಗೆ ಮಾಡಿ ಏರಿಸಿದ.

ಐದು ತಿಂಗಳ ಮೇಲೆ ನೇಕಾರ ಮತ್ತೆ ಅಡ್ಡೆಗೆ ಬಂದ. ತಲೆಯ ಮೇಲೆ, ಹುಬ್ಬಿನ ಮೇಲೆ ಹೆಂಚಿನ ಧೂಳು. ಮರ ನೋಡುವವನ ಎದುರಿಗೆ ಬಂದು ನಿಂತು, ಅವನ ಎರಡೂ ಕೈ ಹಿಡಿದುಕೊಂಡು, ನಿಧಾನವಾಗಿ ಹೇಳಿದ:

“ಮಗು ಉಳ್ಕೊಂಡಿದೆ ಸ್ವಾಮಿ. ತಾಯೀನೂ ಚೆನ್ನಾಗವಳೆ. ತೊಲೆ ಬಿತ್ತು. ಬೇರೆಯವರ ಬಾಯಲ್ಲಿ ಕೇಳಿ ನೀವು ಎದೆ ಒಡ್ಕೋಬಾರದು ಅಂತ ನಾನೇ ಓಡಿ ಬಂದೆ.”

ಬೈಯಲು ಬಂದವನಲ್ಲ ನೋಡು, ಸಮಾಧಾನ ಹೇಳಲು ಬಂದವನು. ಬೈದಿದ್ದರೆ ಚೆನ್ನಾಗಿತ್ತು.

ಮರ ನೋಡುವವನು ಹೋಗಿ ನೋಡಿದ. ನೇಕಾರನ ಹೆಂಡತಿ ಮಗುವನ್ನು ಎದೆಗೆ ಅವುಚಿಕೊಂಡು ಅಂಗಳದಲ್ಲಿ ಕೂತಿದ್ದಳು. ಎರಡು ದಿನದಿಂದ ತೂಗುವಾಗ ತೊಲೆಯ ಸದ್ದು ಬೇರೆಯಾಗಿತ್ತು, ಇವತ್ತು ಮಧ್ಯಾಹ್ನ ಮಗುವನ್ನು ತೊಟ್ಟಿಲಿಗೆ ಹಾಕಲು ಮನಸ್ಸು ಬರಲಿಲ್ಲ, ಎತ್ತಿಕೊಂಡು ಹೊರಗೆ ಬಂದೆ ಎಂದು ಅವಳು ನೆರೆಯವರಿಗೆ ಹೇಳುತ್ತಿದ್ದಳು. ಹೆಂಚಿನ ರಾಶಿಯ ಕೆಳಗೆ ತೊಟ್ಟಿಲು ಅಪ್ಪಚ್ಚಿಯಾಗಿತ್ತು. ಅಲ್ಲಿ ಮಾಡಿನ ಭಾರ ಬಿಟ್ಟರೆ ಬೇರೆ ಭಾರವಿರಲಿಲ್ಲ. ಎರಡೂವರೆಯಷ್ಟು ಹೊತ್ತ ತೊಲೆ ಒಂದರಷ್ಟು ಹೊರಲಾರದೆ ಹೋಗಿತ್ತು.

ಅದು ಮುರಿದದ್ದು ಸರಿಯಾಗಿ ಅವನ ಮೂರು ಗೆರೆಗಳ ಮೇಲೆ. ಅವನು ಮಂಡಿಯೂರಿ ಕೂತು ಬೆರಳಾಡಿಸಿದ. ಕಲ್ಲು ಕೂತಿದ್ದ ಆ ಮುಖದಲ್ಲಿ ಎಳೆಗಳು ಅಡ್ಡಡ್ಡ ಕುಸಿದು ನೆರಿಗೆ ಬಿದ್ದಿದ್ದವು. ಕೂದಲಿನಷ್ಟು ಸಣ್ಣ ನೆರಿಗೆ. ಇದು ಈಗ ಬಿದ್ದಾಗ ಆದದ್ದೋ, ಮೊದಲೇ ಆದದ್ದೋ ಎಂದು ಇನ್ನೊಬ್ಬನಾದರೆ ಅನುಮಾನ ಪಡಬಹುದಿತ್ತು. ಅವನು ಪಡುವಂತಿರಲಿಲ್ಲ. ನೆರಿಗೆಯೊಳಗೆ ಕೆಮ್ಮಣ್ಣು ಇಳಿದಿತ್ತು. ಅವನು ಗೆರೆ ಎಳೆದ ದಿನವೇ ಆ ಮರ ಒಳಗೆ ಮುರಿದಿತ್ತು.

ಮರವೇ ಮೋಸ ಮಾಡಿತು ಎಂದು ವ್ಯಾಪಾರಿ ಹೇಳಿದ. ಮನೆಯ ಗಳಿಗೆ ಸರಿಯಿರಲಿಲ್ಲ ಎಂದು ನೆರೆಯವರು ಹೇಳಿದರು. ಮರ ನೋಡುವವನು ಮನೆಗೆ ಬಂದು ಗೋಡೆಗೊರಗಿ ಕೂತ. ಹೆಂಡತಿ ಎದುರಿಗೆ ಬಂದು ತಟ್ಟೆ ಇಟ್ಟಳು. ಅವನು ತಟ್ಟೆ ಮುಟ್ಟಲಿಲ್ಲ.

“ನನಗೆ ಕಿವಿ ಕೇಳಿಸಲ್ಲ ಕಣೇ,” ಎಂದ.

“ಗೊತ್ತು,” ಎಂದಳು.

“ಯಾವತ್ತಿಂದ ಗೊತ್ತು?”

ಅವಳು ಮೂರು ಬೆರಳು ತೋರಿಸಿದಳು. “ಮೂರು ವರ್ಷ.”

ಅವನು ಅವಳನ್ನೇ ನೋಡಿದ. ಮೂರು ವರ್ಷದಿಂದ ಅವಳು ಒಮ್ಮೆಯೂ ತನ್ನನ್ನು ಹಿಂದಿನಿಂದ ಕೂಗಿರಲಿಲ್ಲ. ಏನೇ ಹೇಳಬೇಕಾದರೂ ಬಳಸಿಕೊಂಡು ಬಂದು ಎದುರಿಗೆ ನಿಲ್ಲುತ್ತಿದ್ದಳು. ಮನೆಗೆ ಬಂದವರು ಏನಾದರೂ ಕೇಳಿದರೆ ಅವಳು ಅವನತ್ತ ತಿರುಗಿ ಅದನ್ನೇ ಇನ್ನೊಮ್ಮೆ, ತನ್ನದೇ ಪ್ರಶ್ನೆಯೆಂಬಂತೆ, ತುಟಿ ಬಿಡಿಸಿ ಕೇಳುತ್ತಿದ್ದಳು. ಇದೆಲ್ಲ ಅವನಿಗೆ ಆ ಹೊತ್ತಿಗೆ ಮೊದಲ ಸಲ ಕಾಣಿಸಿತು.

“ಹೇಗೆ ತಿಳೀತು? ಹಿಂದಿನಿಂದ ಕೂಗಿ ಪರೀಕ್ಷೆ ಮಾಡಿದೆಯಾ?”

“ಜೊತೇಲಿ ಇರೋರಿಗೆ ಪರೀಕ್ಷೆ ಯಾಕ್ರೀ?” ಎಂದಳು. ಆಮೇಲೆ ಅವಳ ಕಣ್ಣು ತುಂಬಿತು. “ನೀವಾಗೇ ಹೇಳ್ಲಿ ಅಂತ ಕಾದೆ. ಕಲ್ಲು ತಂದ ದಿನವೇ ಬಾಯಿ ಬಿಡಬೇಕಿತ್ತು. ನಿಮಗೆ ನೋವಾಗುತ್ತೆ ಅಂತ ಸುಮ್ಮನಾದೆ. ಅದು ನನ್ನ ತಪ್ಪು.”

ಅವರಿಬ್ಬರೂ ಅತ್ತರು. ಅತ್ತು ಮುಗಿದ ಮೇಲೆ ಅವಳು ಒಂದು ಮಾತು ಹೇಳಿದಳು. ಅವರ ಮನೆ ಅಡ್ಡೆಯ ಬೇಲಿಗೆ ಅಂಟಿಕೊಂಡಿತ್ತು. ಅವನಿಗೆ ಕೆಮ್ಮಣ್ಣು ಅರೆದು ಕಲಸಿ ಕೊಡುತ್ತಿದ್ದವಳು ಅವಳೇ. “ಮೂವತ್ತು ವರ್ಷ ನೀವು ಬಡಿಸಿದ ಸದ್ದನ್ನ ಬೇಲಿ ಈಚೆ ಕೂತು ಕೇಳಿದೀನಿ. ಮೂರು ಗೆರೆ ಅಂದ್ರೆ ಕೆಮ್ಮಣ್ಣು ಜಾಸ್ತಿ ಬೇಕಲ್ಲ. ಅದಕ್ಕೇ ಸದ್ದು ಕೇಳಿ ಎಷ್ಟು ಗೆರೆ ಅಂತ ಲೆಕ್ಕ ಹಾಕಿ ಮೊದಲೇ ಕಲಸಿ ಇಡ್ತಿದ್ದೆ. ತಪ್ಪಿದ್ದು ಕಮ್ಮಿ.”

ಮರುದಿನ ಅವನು ಅಡ್ಡೆಯಲ್ಲಿ ಎಲ್ಲರನ್ನೂ ಸೇರಿಸಿ ತನ್ನ ಕಿವಿಯ ವಿಚಾರ ಹೇಳಿದ. ತೊಲೆ ಬೀಳಿಸಿದ್ದು ಮರವಲ್ಲ, ತನ್ನ ಕಲ್ಲು ಎಂದೂ ಹೇಳಿದ. ಕಲ್ಲು ಹೊತ್ತು ಹೋದ ತೊಲೆಗಳಿರುವ ಮನೆಗಳಿಗೆಲ್ಲ ಹೋಗಿ, ಒಂದೊಂದಕ್ಕೂ ನಡುವೆ ಕಂಬ ಕೊಡಿಸಿದ. ಕೆಲವರು ನಕ್ಕರು, ಕೆಲವರು ಬಾಯಿಗೆ ಬಂದಂತೆ ಅಂದರು. ನಕ್ಕದ್ದೂ ಅಂದದ್ದೂ ಅವನಿಗೆ ಕೇಳಿಸಲಿಲ್ಲ. ಕಿವುಡಿಗೆ ಅಷ್ಟಾದರೂ ಲಾಭ ಬೇಡವೇ?

ಕಂಬ ಕೊಟ್ಟು ಮುಗಿದ ಮೇಲೆ ನೇಕಾರನೂ ಅವನ ಹೆಂಡತಿಯೂ ಹೊಸ ತೊಲೆಗಾಗಿ ಬಂದರು. ಮರ ನೋಡುವವನು ಹನ್ನೆರಡು ತೊಲೆ ಬದಿಗೆ ಸರಿಸಿ ಒಂದನ್ನು ಹೊರಗೆ ತಂದ. ಸುತ್ತ ನಡೆದು ಎಳೆ ನೋಡಿದ. ಗಂಟಿನ ಮೇಲೆ ಹೆಬ್ಬೆರಳಿಟ್ಟು ನೋಡಿದ. ತುದಿ ಎತ್ತಿ ತೂಕ ನೋಡಿದ. ಆಮೇಲೆ ತಾನೇ ಕೊಡತಿ ಹಿಡಿದು ಬಡಿದ. ಇನ್ನೊಂದು ತುದಿಗೆ ಅವನ ಹೆಂಡತಿ ಕಿವಿ ಇಟ್ಟಿದ್ದಳು. ಅವನು ಅವಳ ಮುಖ ನೋಡುತ್ತಿದ್ದ. ಸದ್ದು ಬಂತು, ನಿಂತಿತು, ಹೋಯಿತು. ಅದನ್ನೆಲ್ಲ ಅವನು ಅವಳ ಹುಬ್ಬಿನಲ್ಲಿ ಕಂಡ. ಅವಳು ಮೂರು ಬೆರಳು ಎತ್ತಿದಳು.

ನೇಕಾರನ ಹೆಂಡತಿ ಸುತ್ತ ಕಣ್ಣಾಡಿಸಿದಳು. ಕಲ್ಲು ಎಲ್ಲೂ ಕಾಣಲಿಲ್ಲ. ಅವಳಿಗೆ ಧೈರ್ಯ ಸಾಲಲಿಲ್ಲ. ಅವಳ ತಪ್ಪಲ್ಲ, ತೊಟ್ಟಿಲು ಅಪ್ಪಚ್ಚಿಯಾದದ್ದನ್ನು ನೋಡಿದವಳು. ಅವಳು ಅವನೆದುರಿಗೆ ಬಂದು ಕೇಳಿದಳು. “ಇದು ಎಷ್ಟು ಹೊರುತ್ತೆ ಅಂತ ಹೇಳಿ ಅಪ್ಪಯ್ಯ.”

“ನಿಮ್ಮ ಮನೆ ಹೊರುತ್ತೆ ತಾಯಿ. ಅದರ ಮೇಲೆ ಇನ್ನೆಷ್ಟು ಹೊರುತ್ತೆ ಅಂತ ನನಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ. ಅದು ಮರದೊಳಗೇ ಇರಲಿ, ಎಂದಾದರೂ ಗಾಳಿ ಬಂದ ದಿನಕ್ಕೆ ಬೇಕಾಗುತ್ತೆ.”

ಅವಳಿಗೆ ತೊಲೆಯನ್ನು ತಾನೇ ಮುಟ್ಟಿ ನೋಡಬೇಕು ಅನ್ನಿಸಿತು. ಕೈ ಬಿಡುವಾಗಬೇಕಲ್ಲ, ಮಗುವನ್ನು ಅವನ ತೋಳಿಗೆ ಕೊಟ್ಟಳು. ಗುರುತಿಲ್ಲದ ಕೈಗೆ ಹೋದ ಮಗು ಬಾಯಿ ತೆರೆದು ಅಳತೊಡಗಿತು. ಅವನಿಗೆ ಕೇಳಿಸಲಿಲ್ಲ. ಎದೆಗೆ ಒತ್ತಿ ಹಿಡಿದಿದ್ದನಲ್ಲ, ಎದೆಗೆ ತಿಳಿಯಿತು. ಗಟ್ಟಿ ಮಗು ಎಂದು ಅವನು ಹೆಂಡತಿಯ ಕಡೆ ನೋಡಿ ನಕ್ಕ. ಅಷ್ಟರಲ್ಲಿ ಮಗುವಿನ ತಾಯಿ ತೊಲೆಯ ಉದ್ದಕ್ಕೂ ಅಂಗೈ ಸವರಿಕೊಂಡು ಹೋಗಿ, ಆ ತುದಿಯಲ್ಲಿ ನಿಂತು, ಇದೇ ಇರಲಿ ಎಂದಳು.

ಗುರುಗಳು ಕತೆ ನಿಲ್ಲಿಸಿದರು.

ಗುರುಮಲ್ಲ ಹಿರಿಯ ಶಿಷ್ಯನಲ್ಲವೇ, ಅಷ್ಟು ಸುಲಭಕ್ಕೆ ಬಿಡುವವನಲ್ಲ.

“ಸರಿ ಬುದ್ಧಿ, ಮುದ್ದಯ್ಯನ ಮೇಲೆ ಇನ್ನು ಕಲ್ಲು ಹೇರುವುದಿಲ್ಲ. ಆದರೆ ಬಡಿದು ಕೇಳಲು ಮನುಷ್ಯ ಮರವಲ್ಲವಲ್ಲ. ಅವನ ಸದ್ದನ್ನು ನಾನು ಎಲ್ಲಿ ಕಿವಿ ಇಟ್ಟು ಕೇಳಲಿ?”

ಗುರುಗಳು ಅವನ ಭುಜದ ಮೇಲೆ ಕೈ ಇಟ್ಟು ಕೇಳಿದರು:

“ನಾಲ್ಕು ತಿಂಗಳಾಯಿತಲ್ಲ ಗುರುಮಲ್ಲ, ಮುದ್ದಯ್ಯ ಇಲ್ಲಿಗೆ ಬರುವ ಮೊದಲು ಮಣ್ಣು ಮಾಡಿ ಬಂದ ಮಗಳ ಹೆಸರೇನು?”